ಅಕ್ಕಯಮ್ಮನವರ ಉಪ್ಪಿಲ್ಲದ ಸಾರು

ಅಕ್ಕಯಮ್ಮನವರ ಸಾರನ್ನು ಹೊಗಳಿದವರಿಗೆ ಆ ದಿನ ಕೆಲಸವಿರಲಿಲ್ಲ. "ಚೆನ್ನಾಗೈತೆ ದೊಡ್ಡಮ್ಮ" ಎಂಬ ಮಾತು ಬಾಯಿಂದ ಬಿದ್ದರೆ ಸಾಕು, ತಟ್ಟೆ ಅಲ್ಲೇ ಇಡಿಸಿ, ಕೈ ತೊಳೆಸಿ, ಹಿತ್ತಲಿನ ಹಳೆಯ ರೇಷ್ಮೆಹುಳದ ಮನೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. "ಥೂ, ಇದೇನು ಸಾರಾ, ಉಪ್ಪಿಲ್ಲ ಖಾರ ಇಲ್ಲ" ಎಂದು ಮುಖ ಕಿವುಚಿದವರು ಮಾತ್ರ ಸೊಪ್ಪು ಹೆಚ್ಚುವ ಕೆಲಸಕ್ಕೆ ಹೋಗಬಹುದಿತ್ತು. ಕೊರೋನಾ ಕಾಲದಲ್ಲಿ ಊರೂರಿಗೂ ಒಂದೊಂದು ವಿಚಿತ್ರ ಕಟ್ಟಳೆ ಇತ್ತು ನಿಜ. ಆದರೆ ಅನ್ನ ಹಾಕಿದ ಯಜಮಾನಿಯನ್ನು ದಿನಾ ಬೆಳಿಗ್ಗೆ ಬಯ್ಯಬೇಕು ಎಂಬ ಕಟ್ಟಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶಿಡ್ಲಘಟ್ಟದಿಂದ ಜಂಗಮಕೋಟೆಗೆ ಹೋಗುವ ದಾರಿಯಲ್ಲಿ, ಹಾಲಿನ ಡೈರಿ ದಾಟಿ ಎಡಕ್ಕೆ ತಿರುಗಿದರೆ ಅವರ ಚಾಕಿ ಕೇಂದ್ರ. ಮೊಟ್ಟೆಯೊಡೆದು ಬಂದ ರೇಷ್ಮೆಹುಳು ಇರುವೆಗಿಂತ ಚಿಕ್ಕದು. ಆ ಎಳೆಗೂಸನ್ನು ಎಲ್ಲ ರೈತರೂ ಸಾಕಲಾರರು. ಅದಕ್ಕೇ ಮೊದಲ ಕೆಲವು ದಿನ ಚಾಕಿ ಕೇಂದ್ರದವರು ಎಳೆಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ ಸಾಕುತ್ತಾರೆ. ಹುಳು ಎರಡನೇ ಸಲ ಪೊರೆ ಬಿಡಲು ಕೂತಾಗ ರೈತರು ಬಂದು ಒಯ್ಯುತ್ತಾರೆ. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆ ವರ್ಷ ಆ ಮಾತನ್ನು ಜೋರಾಗಿ ಆಡಲು ಎಲ್ಲರಿಗೂ ಹೆದರಿಕೆ.

ಅಕ್ಕಯಮ್ಮನವರು ಎತ್ತರದ ಆಳು. ಸೀರೆಯ ಮೇಲೆ ತೀರಿಹೋದ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ದಿನವಿಡೀ ಹುಳದ ಮನೆಗೂ ಹಿಪ್ಪುನೇರಳೆ ತೋಟಕ್ಕೂ ಓಡಾಡುತ್ತಿದ್ದರು. ಅವರ ಮೂಗು ಭಯಂಕರ. ಹುಳಕ್ಕೆ ತಂಬಾಕು ಆಗದು, ಎಣ್ಣೆ ಆಗದು, ಹೂವು ಪೌಡರು ಯಾವುದೂ ಆಗದು. ಹಾಗಾಗಿ ಕೆಲಸಕ್ಕೆ ಬಂದ ಪ್ರತಿಯೊಬ್ಬರನ್ನೂ ಬಾಗಿಲಲ್ಲಿ ನಿಲ್ಲಿಸಿ ಮೂಸುತ್ತಿದ್ದರು. ಹಿಂದಿನ ದಿನ ತಲೆಗೆ ಎಣ್ಣೆ ಹಚ್ಚಿದ್ದನ್ನೂ, ಪಕ್ಕದಲ್ಲಿ ಕೂತವನು ಬೀಡಿ ಸೇದಿದ್ದನ್ನೂ ಹೇಳಬಲ್ಲವರಾಗಿದ್ದರು. ಒಮ್ಮೆ ರತ್ನಮ್ಮನನ್ನು ಮೂಸಿ, "ಏಮ್ಮಾ, ತವರಿಗೆ ಹೋಗಿದ್ದೆಯಾ? ನಿಮ್ಮಣ್ಣ ಇನ್ನೂ ಅದೇ ಸೋಪು ಹಾಕ್ತಾನಾ?" ಎಂದು ಕೇಳಿದ್ದರು. ರತ್ನಮ್ಮ ಅಲ್ಲಿಯ ಹಳೆಯ ಕೆಲಸಗಾರ್ತಿ. ಎದುರಿಗೆ ಯಾರಿದ್ದರೂ ಅವರ ತಪ್ಪು ಹುಡುಕುವುದು ಅವಳ ಹುಟ್ಟುಗುಣ. ಅಂಥವಳೂ ಆ ದಿನ ಬಾಯಿ ಮುಚ್ಚಿಕೊಂಡಿದ್ದಳಂತೆ.

ನಾನು ಅಲ್ಲಿಗೆ ಹೋದದ್ದು ಹೊಟ್ಟೆಪಾಡಿಗೆ. ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಲಾಕ್‌ಡೌನಿನಲ್ಲಿ ಮಕ್ಕಳು ಬರಲಿಲ್ಲ, ಫೀಸು ಬರಲಿಲ್ಲ, ಸಂಬಳವೂ ಬರಲಿಲ್ಲ. ನನ್ನ ಗಂಡ ಓಡಿಸುತ್ತಿದ್ದ ಶಾಲೆಯ ವ್ಯಾನು ಮನೆ ಮುಂದೆ ನಿಂತು ಕೋಳಿಗಳ ಪಾಲಾಗಿತ್ತು. ಕೃಷಿ ಕೆಲಸಕ್ಕೆ ತಡೆಯಿಲ್ಲ, ಚಾಕಿ ಕೇಂದ್ರ ನಡೆಯುತ್ತಿದೆ ಎಂದು ಯಾರೋ ಹೇಳಿದರು. ಹೋಗಿ ನಿಂತೆ. ಅಕ್ಕಯಮ್ಮನವರು ನನ್ನನ್ನು ಮೂಸಿದರು, ಕೈ ತಿರುಗಿಸಿ ನೋಡಿದರು.

"ಸೊಪ್ಪು ಹೆಚ್ಚಿದ್ದೀಯಾ?"

"ಅಡುಗೆಗೆ ಹೆಚ್ಚಿದ್ದೀನಿ."

"ಅಡುಗೆ ತಿನ್ನೋರು ಮನುಷ್ಯರು, ಹೆಂಗೋ ತಿಂತಾರೆ. ಹುಳ ಹಂಗಲ್ಲ. ಪೋನೀಲೇ, ಹೋಗ್ಲಿ ಬಿಡು, ಕಲ್ತ್ಕೋ. ಮೇಡಮ್ಮು ಅಂದ್ರೆ ಕಲಿಯೋದು ಗೊತ್ತಿರ್ಬೇಕಲ್ಲ."

ಅಂದಿನಿಂದ ನಾನು ಅವರಿಗೆ ಮೇಡಮ್ಮು. ಅವರು ನಮಗೆಲ್ಲ ದೊಡ್ಡಮ್ಮ. ನನ್ನನ್ನೂ ಸೇರಿಸಿ ಆರು ಜನ ಹೆಂಗಸರಿದ್ದೆವು.

ನಾನು ಸೇರಿದ ಹೊಸದರಲ್ಲೇ ಆರೋಗ್ಯ ಇಲಾಖೆಯಿಂದ ಒಬ್ಬ ಸಾಹೇಬರು ಬಂದರು. ಕೆಲಸದ ಜಾಗಗಳಲ್ಲಿ ಮಾಲೀಕರು ಏನೇನು ಮಾಡಬೇಕು ಎಂದು ತಿಳಿಸಿ ಹೇಳುವುದು ಅವರ ಕೆಲಸ. ಪಾಪ, ಬೆಳಗಿನಿಂದ ಇಟ್ಟಿಗೆ ಗೂಡು, ರೇಷ್ಮೆ ನೂಲು ತೆಗೆಯುವ ರೀಲಿಂಗ್ ಕಾರ್ಖಾನೆ ಎಲ್ಲ ಸುತ್ತಿ ಬಂದಿದ್ದರು. ಗೇಟಿನಲ್ಲೇ ಅಕ್ಕಯಮ್ಮನವರು ಅವರ ಬೂಟು ಬಿಚ್ಚಿಸಿ, ಬ್ಲೀಚಿಂಗ್ ಪೌಡರ್ ನೀರಿನ ಗೋಣಿಚೀಲ ತುಳಿಸಿ, ಮೊಣಕೈವರೆಗೆ ಸೋಪು ಹಚ್ಚಿಸಿ ಒಳಗೆ ಬಿಟ್ಟರು. ತಾವು ಹೇಳಬೇಕೆಂದು ಬಂದದ್ದರಲ್ಲಿ ಅರ್ಧದಷ್ಟನ್ನು ತಮ್ಮ ಮೇಲೆಯೇ ಮಾಡಿಸಿಕೊಂಡ ಸಾಹೇಬರು ಉಳಿದರ್ಧ ಹೇಳಿದರು. ಒಬ್ಬರಿಂದೊಬ್ಬರಿಗೆ ಅಂತರ ಇರಬೇಕು, ಗಾಳಿ ಆಡಬೇಕು, ಮಾಸ್ಕು ಮೂಗಿನ ಮೇಲಿರಬೇಕು, ದಿನಾ ಮೈಬಿಸಿ ನೋಡಬೇಕು, ಹುಷಾರಿಲ್ಲದವರನ್ನು ಬೇರೆ ಇರಿಸಬೇಕು, ಅವರ ಕೂಲಿ ಹಿಡಿಯಬಾರದು.

ಅಕ್ಕಯಮ್ಮನವರು ಸೊಂಟಕ್ಕೆ ಕೈಕೊಟ್ಟು ಕೇಳಿದರು. "ಇದರಾಗೆ ಹೊಸದೇನೈತೆ ಸಾರ್? ನಾವು ಹುಳಕ್ಕೆ ಇದೇ ಮಾಡೋದು, ನಮ್ಮತ್ತೆ ಕಾಲದಿಂದ. ಕೂಲಿ ಒಂದು ಬಿಟ್ಟು."

"ಹುಳಕ್ಕಲ್ಲಮ್ಮ, ಜನಕ್ಕೆ. ಇಲ್ಲಿ ಕೆಲಸ ಮಾಡೋರಿಗೆ ಏನಾದ್ರೂ ಆದ್ರೆ ಜವಾಬ್ದಾರಿ ನಿಮ್ಮದೇ ಆಗುತ್ತೆ."

ಸಾಹೇಬರು ಇದನ್ನು ಬಾಯಿಪಾಠದ ಹಾಗೆ ಅಂದರು. ಆ ದಿನ ಎಲ್ಲ ಕಡೆ ಅಂದಿದ್ದರು, ಎಲ್ಲ ಮಾಲೀಕರೂ ತಲೆಯಾಡಿಸಿದ್ದರು. ಅಕ್ಕಯಮ್ಮನವರು ಮಾತ್ರ ತಲೆಯಾಡಿಸಲಿಲ್ಲ. ಸೊಪ್ಪು ಹೆಚ್ಚುತ್ತಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಹುಳದ ತಟ್ಟೆ ನೋಡುವಾಗ ನೋಡುವ ನೋಟವೇ ಅದು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹೋಗುವ ಮುನ್ನ ಸಾಹೇಬರು ಪಿಸ್ತೂಲಿನಂಥ ಥರ್ಮಾಮೀಟರು ತೆಗೆದು ರತ್ನಮ್ಮನ ಹಣೆಗೆ ಹಿಡಿದರು. ಬ್ಯಾಟರಿ ಮುಗಿದಿತ್ತೋ ಏನೋ, ಅದು ತೋರಿಸಿದ ಅಂಕಿ ನೋಡಿ ಅಕ್ಕಯಮ್ಮನವರು ಕನ್ನಡಕ ಏರಿಸಿಕೊಂಡರು. "ಸಾರ್, ಇವಳು ಸತ್ತು ಅರ್ಧ ದಿನ ಆಗೈತೆ ಅಂತ ಹೇಳ್ತೈತೆ ನಿಮ್ಮ ಮಿಷನ್ನು."

"ನಾರ್ಮಲ್ ಬಿಡಿ," ಎಂದರು ಸಾಹೇಬರು.

ಅಲ್ಲಿಗೆ ಪಿಸ್ತೂಲಿನ ಮೇಲೆ ಅವರಿಗಿದ್ದ ನಂಬಿಕೆ ಮುಗಿಯಿತು. ಜವಾಬ್ದಾರಿಯ ಮಾತು ಮಾತ್ರ ತಲೆಯಲ್ಲಿ ಉಳಿಯಿತು.

ಮರುದಿನ ನಾವು ಕೆಲಸಕ್ಕೆ ಹೋದಾಗ ಸೊಪ್ಪು ಹೆಚ್ಚುವ ಚಪ್ಪರದ ಕೆಳಗೆ ಆರು ಸುಣ್ಣದ ವೃತ್ತಗಳಿದ್ದವು. ಹುಳುಗಳು ಪೊರೆಗೆ ಕೂತಾಗ ತಟ್ಟೆಯ ಮೇಲೆ ಎರಚುವ ಅದೇ ಸುಣ್ಣದ ಪುಡಿ. ಒಬ್ಬೊಬ್ಬರಿಗೆ ಒಂದೊಂದು ವೃತ್ತ, ದಾಟಿದರೆ ಬೈಗುಳ. "ಒತ್ತಾಗಿದ್ರೆ ಹುಳಕ್ಕೂ ರೋಗ, ಆಳಿಗೂ ರೋಗ. ಬೆಳೀತಾ ಬೆಳೀತಾ ಜಾಗ ಬಿಡಬೇಕು," ಎಂದರು. ಚಪ್ಪರಕ್ಕೆ ಕಟ್ಟಿದ್ದ ಪಡದೆಗಳನ್ನೆಲ್ಲ ಕಿತ್ತುಹಾಕಿದ್ದರು. ಹುಳದ ಮನೆಯ ಗೋಡೆಯಲ್ಲಿ ಸೆಕೆ, ತೇವ ಅಳೆಯಲು ಇದ್ದಂಥದೇ ಎರಡು ಕಡ್ಡಿಯ ಥರ್ಮಾಮೀಟರೊಂದು ನಮ್ಮ ಚಪ್ಪರದ ಕಂಬಕ್ಕೂ ಬಂತು. ಸೆಕೆ ಜಾಸ್ತಿಯಾದರೆ ನಮ್ಮ ಸುತ್ತ ನೀರು ಚಿಮುಕಿಸಿ ಹೋಗುತ್ತಿದ್ದರು.

ಇದರಿಂದ ಆದ ಅನಾಹುತವೆಂದರೆ ಗುಟ್ಟು ಮಾತಾಡಲು ಆಗದೇ ಹೋದದ್ದು. ಮಾಸ್ಕು ಹಾಕಿಕೊಂಡು ಅಷ್ಟು ದೂರ ಕೂತವರು ಪಿಸುಗುಟ್ಟಿದರೆ ಯಾರಿಗೆ ಕೇಳೀತು. ರತ್ನಮ್ಮ ಒಂದು ದಿನ ತನ್ನ ಅತ್ತೆ ಶನಿವಾರ ಒಪ್ಪೊತ್ತು ಎಂದು ಹೇಳಿಕೊಂಡು ಹಿತ್ತಲಲ್ಲಿ ಕದ್ದು ಮೊಟ್ಟೆ ಬೇಯಿಸಿಕೊಳ್ಳುತ್ತಾಳೆಂದು ಕೂಗಿ ಕೂಗಿ ಹೇಳಿದಳು. ಬೇಲಿಯಾಚೆ ಮೇಕೆ ಮೇಯಿಸುತ್ತಿದ್ದ ಅತ್ತೆ ಅಲ್ಲಿಂದಲೇ ಉತ್ತರ ಕೊಟ್ಟಳು. ಉತ್ತರದಲ್ಲಿ ರತ್ನಮ್ಮನ ವಿಷಯಗಳೂ ಹೊರಬಿದ್ದವು. ಅಕ್ಕಯಮ್ಮನವರು ಇಬ್ಬರಿಗೂ ಅಡ್ಡ ಬಂದು, "ಜಗಳ ಆಡ್ರಮ್ಮ, ಬ್ಯಾಡ ಅನ್ನಲ್ಲ. ಮಾಸ್ಕು ಇಳಿಸಿ ಆಡಬ್ಯಾಡ್ರಿ," ಎಂದರು.

ಸಾರಿನ ಪರೀಕ್ಷೆ ಶುರುವಾದದ್ದು ಆಮೇಲೆ. ಅವರ ಜ್ಞಾನವೆಲ್ಲ ಹುಳದಿಂದ ಬಂದದ್ದು. ತಟ್ಟೆಯಲ್ಲಿ ಸಾವಿರಾರು ಹುಳುಗಳಿದ್ದರೂ ರೋಗದ ಹುಳು ತಾನೇ ತೋರಿಸಿಕೊಡುತ್ತದೆ. ಹೊಸ ಸೊಪ್ಪು ಹಾಕಿದಾಗ ಎಲ್ಲವೂ ಮೇಲೆ ಹತ್ತುತ್ತವೆ, ಅದು ಮಾತ್ರ ಹತ್ತುವುದಿಲ್ಲ. "ಹುಳ ಬಾಯಿಬಿಟ್ಟು ಹೇಳಲ್ಲ. ಕೂಲಿಯೋರೂ ಬಾಯಿಬಿಟ್ಟು ಹೇಳಲ್ಲ, ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಭಯ. ಇಬ್ಬರದ್ದೂ ಊಟ ನೋಡೇ ತಿಳ್ಕೋಬೇಕು," ಎಂಬುದು ಅವರ ಸಿದ್ಧಾಂತ. ಹಾಗಾಗಿ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅಂಗಳದಲ್ಲಿ ದೂರ ದೂರ ಕೂರಿಸಿ ಎಲ್ಲರಿಗೂ ಒಂದೊಂದು ಮುದ್ದೆ, ಸಾರು. ಅಡುಗೆ ಅವರದೇ. ಬಡಿಸಿ ಎದುರಿಗೆ ನಿಂತು ನೋಡುತ್ತಿದ್ದರು. ಚಿಂತಾಮಣಿಯಲ್ಲಿ ರತ್ನಮ್ಮನ ನಾದಿನಿಗೆ ಕೊರೋನಾ ಬಂದು ನಾಲಿಗೆಯ ರುಚಿ ಪೂರಾ ಹೋಯಿತೆಂಬ ಸುದ್ದಿ ಬಂದಿದ್ದೇ ತಡ, ಮರುದಿನದಿಂದ ಸಾರಿಗೆ ಉಪ್ಪು ನಿಂತಿತು. ನಮಗೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಪರೀಕ್ಷೆ ಹೇಗಾಗುತ್ತದೆ?

ಆ ದಿನ ಬಸ್ಸಾರು. ಬಾಯಿಗಿಟ್ಟೆ, ಕೆರೆಯ ನೀರು ಕುಡಿದ ಹಾಗಿತ್ತು. ಬೇರೆಯವರೆಲ್ಲ ಒಂದೇ ಸಲ ಬೊಬ್ಬೆ ಹಾಕಿದರು. ರತ್ನಮ್ಮನಂತೂ, "ದೊಡ್ಡಮ್ಮ, ಎಮ್ಮೆಗೆ ಇಟ್ಟ ಕಲಗಚ್ಚು ಅದಲುಬದಲಾಗೈತೆ ನೋಡಿ" ಎಂದಳು. ನಾನು ವರ್ಷಗಟ್ಟಲೆ ಮಕ್ಕಳಿಗೆ ವಿನಯ ಕಲಿಸಿದವಳು. ಹಿರಿಯರು ನಿಂತು ಬಡಿಸಿದ ಊಟಕ್ಕೆ ಹೆಸರಿಡಬಾರದೆಂದು ಎಷ್ಟು ಬಾರಿ ಬೋರ್ಡಿನ ಮೇಲೆ ಬರೆದಿಲ್ಲ. ಅಕ್ಕಯಮ್ಮನವರು ನನ್ನ ಮುಂದೆ ನಿಂತು, "ನಿಂಗೆಂಗೈತೆ ಮೇಡಮ್ಮು?" ಎಂದರು.

"ತುಂಬಾ ಚೆನ್ನಾಗಿದೆ ದೊಡ್ಡಮ್ಮ."

ಅವರ ಮುಖ ಕಪ್ಪಿಟ್ಟಿತು. "ಅಯ್ಯೋ ಪಾಪ" ಎಂದು ಎರಡು ಹೆಜ್ಜೆ ಹಿಂದೆ ಸರಿದರು. ನನಗೆ ಏನಾಯಿತೆಂದು ತಿಳಿಯುವ ಮೊದಲೇ ನಾನು ಹಳೆಯ ಹುಳದ ಮನೆಯ ಒಳಗಿದ್ದೆ.

ಅದು ಹಿಂದೆ ಗೂಡು ಕಟ್ಟಿಸುವವರೆಗೂ ಹುಳ ಸಾಕುತ್ತಿದ್ದಾಗಿನ ಮನೆ. ಗೋಡೆಗೆ ಒರಗಿಸಿದ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು, ಮೂಲೆಯಲ್ಲೊಂದು ಹಗ್ಗದ ಮಂಚ. ಸುಳ್ಳು ಹೇಳಿದೆ, ವಿನಯಕ್ಕೆ ಹೇಳಿದೆ, ನಿಜವಾಗಿ ಸಾರು ಅಸಹ್ಯವಾಗಿತ್ತು ಎಂದು ಕಿಟಕಿಯಿಂದ ಕೂಗಿ ಹೇಳಿದೆ. "ಈಗ ಹೇಳಿದ್ರೆ ನಂಬ್ತಾರಾ? ರೋಗ ಬಂದೋರೆಲ್ಲ ಹಿಂಗೇ ಅನ್ನೋದು" ಎಂದರು. ಊಟ ಹುಳದ ಟ್ರೇಯಲ್ಲಿ ಬಾಗಿಲ ಸಂದಿನಿಂದ ಬರುತ್ತಿತ್ತು, ಟ್ರೇಯ ಅಂಚಿಗೆಲ್ಲ ಸುಣ್ಣ. ಮನೆಯಲ್ಲಿದ್ದ ನನ್ನ ಗಂಡನಿಗೆ ಫೋನು ಮಾಡಿ, "ನಿಮ್ಮ ಹೆಂಡ್ತಿ ನನ್ನ ಸಾರು ಚೆನ್ನಾಗೈತೆ ಅಂದ್ಬಿಟ್ಲಪ್ಪ, ಧೈರ್ಯ ತಂದ್ಕೋ" ಎಂದರಂತೆ. ಅವನಿಗೆ ಇಂದಿಗೂ ಆ ಫೋನಿನ ಅರ್ಥ ಆಗಿಲ್ಲ. ಕೊನೆಗೆ ಆಸ್ಪತ್ರೆಯವರು ಮೂಗಿಗೆ ಕಡ್ಡಿ ಹಾಕಿ ಏನೂ ಇಲ್ಲವೆಂದ ಮೇಲೆ ಬಿಡುಗಡೆಯಾಯಿತು. ಒಳಗಿದ್ದ ದಿನಗಳ ಕೂಲಿಯನ್ನು ಪೂರ್ತಿ ಕೊಟ್ಟರು. ಸೆರೆಮನೆಯಲ್ಲಿ ಸಂಬಳ ಪಡೆದವಳು ನಮ್ಮ ವಂಶದಲ್ಲಿ ನಾನೊಬ್ಬಳೇ.

ಅಲ್ಲಿದ್ದಾಗಲೇ ಒಂದು ಸಂಜೆ ಅವರು ಕಿಟಕಿಯಿಂದ ದೂರದಲ್ಲಿ ಕಲ್ಲಿನ ಮೇಲೆ ಕೂತು ಮಾತಾಡಿದರು. ನಾನು ಸಿಟ್ಟಿನಲ್ಲಿದ್ದೆ. ಹುಳಕ್ಕೆ ಮಾಡುವುದನ್ನೆಲ್ಲ ಮನುಷ್ಯರಿಗೆ ಮಾಡುತ್ತಿದ್ದೀರಲ್ಲ, ಇದೇನು ನ್ಯಾಯ ಎಂದು ಕೇಳಿದೆ.

"ಮೊದಲು ಮಾಡ್ಲಿಲ್ಲ ಅಂತ್ಲೇ ಈಗ ಮಾಡ್ತಿರೋದು ಕಣಮ್ಮ," ಎಂದರು. "ನಂಜಪ್ಪ ಅಂತ ಇದ್ದ ನಮ್ಮಲ್ಲಿ. ಹುಳದ ಮನೆ ತೊಳ್ದು, ರೋಗ ಸಾಯ್ಲಿ ಅಂತ ಫಾರ್ಮಲಿನ್ ಹೊಡೆಯೋನು. ಬೆಳೆಬೆಳೆಗೂ ಅವನೇ. ಒಂದು ಟವಲ್ಲು ಮುಖಕ್ಕೆ ಸುತ್ಕೊಂಡು ಒಳಗೆ ಹೋದ್ರೆ ಕಣ್ಣು ಕೆಂಡ ಮಾಡ್ಕೊಂಡು ಹೊರಗೆ ಬರೋನು. ವಾಸನೆ ಹೋಗೋವರ್ಗೂ ಹುಳ ಒಳಗೆ ಬಿಡಬ್ಯಾಡ್ರಿ ಅಂತ ನಾನು ಎಲ್ರಿಗೂ ಬೈತಿದ್ದೆ. ನಂಜಪ್ಪನ್ನ ಒಳಗೆ ಬಿಡಬ್ಯಾಡ್ರಿ ಅಂತ ಒಂದಿನಾನೂ ಬಾಯಿಗೆ ಬರ್ಲಿಲ್ಲ. ಎದೆ ಪೂರಾ ಹೋಯ್ತು ಅವಂದು. ಕೊನೆಗೆ ಒಂದು ಮಾತಾಡಕ್ಕೆ ನಾಕು ಸಲ ಉಸ್ರು ಎಳ್ಕೊಳೋನು. ಸಾಯೋವಾಗ್ಲೂ ನನ್ನ ಬಯ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಎದ್ದು ಸೀರೆ ಕೊಡವಿಕೊಂಡು, "ಆ ಸಾಹೇಬ ಹೇಳಿದ್ನಲ್ಲ ಜವಾಬ್ದಾರಿ ಅಂತ. ನೀವು ಆರು ಜನಾನೂ ಬೆಳಿಗ್ಗೆ ಹೆಂಗೆ ಬರ್ತೀರೋ ಹಂಗೇ ಮನೆಗೆ ಹೋಗಬೇಕು. ಅದೊಂದೇ ನಂಗೆ ಬೇಕಾಗಿರೋದು. ನೀನು ನಗು, ಬೈಯಿ, ಏನಾದ್ರೂ ಮಾಡ್ಕೋ" ಎಂದರು. ಆ ದಿನದಿಂದ ನನ್ನ ಸಿಟ್ಟು ಇಳಿಯಿತು. ನಗು ಮಾತ್ರ ಹಾಗೇ ಇತ್ತು.

ನನ್ನ ಗತಿ ಕಂಡ ಮೇಲೆ ಯಾರೂ ಸಾರನ್ನು ಹೊಗಳುವ ಧೈರ್ಯ ಮಾಡಲಿಲ್ಲ. ಬಾಯಿಗೆ ಇಡುವ ಮೊದಲೇ ಬಯ್ಯತೊಡಗಿದರು. ಗೇಟು ದಾಟುವಾಗಲೇ "ಉಪ್ಪಿಲ್ಲ, ಉಪ್ಪಿಲ್ಲ" ಎನ್ನುತ್ತಾ ಬರುವವರಾದರು. ಅಕ್ಕಯಮ್ಮನವರು ಇದನ್ನು ಗಮನಿಸದೆ ಬಿಡುತ್ತಾರೆಯೇ? ಪ್ರಶ್ನೆಪತ್ರಿಕೆ ಬದಲಾಯಿಸಿದರು. ಒಂದು ದಿನ ಉಪ್ಪಿಲ್ಲ, ಒಂದು ದಿನ ಸರಿಯಾಗಿ, ಒಂದು ದಿನ ಎರಡರಷ್ಟು. ಯಾವ ದಿನ ಯಾವುದೆಂದು ಅವರೊಬ್ಬರಿಗೇ ಗೊತ್ತು. ತಿಂದವರು ಕರೆಕ್ಟಾಗಿ ಹೇಳಬೇಕು.

ಎರಡನೇ ಅಲೆ ಬಂದಾಗ ಸುತ್ತಮುತ್ತಲ ಹಳ್ಳಿಗಳಿಂದ ಕೆಟ್ಟ ಸುದ್ದಿಗಳು ಬರತೊಡಗಿದವು. ಅಂಥ ಒಂದು ಬೆಳಿಗ್ಗೆ ಹುರುಳಿಕಾಳು ಸಾರಿಗೆ ಉಪ್ಪು ಸುರಿದಿದ್ದರು. ನಾವೆಲ್ಲ ನೀರು ನೀರು ಎನ್ನುತ್ತಿದ್ದರೆ ರತ್ನಮ್ಮ ಮಾತ್ರ ಹಳೆಯ ಅಭ್ಯಾಸದಂತೆ, "ಉಪ್ಪು ಸಾಲ್ದು ದೊಡ್ಡಮ್ಮ, ಎಷ್ಟು ಜಿಪುಣತನ ನಿಮ್ಗೆ" ಎಂದಳು. ಅಕ್ಕಯಮ್ಮನವರು ಹಳೆಯ ಹುಳದ ಮನೆಯ ಕಡೆ ಕೈ ತೋರಿಸಿದರು. ರತ್ನಮ್ಮ ತನ್ನ ಬಾಯಿಯ ತಪ್ಪೇ ಹೊರತು ನಾಲಿಗೆಯ ತಪ್ಪಲ್ಲವೆಂದು ಆಣೆಪ್ರಮಾಣ ಮಾಡಿದಳು. ಸಂಜೆಯ ಹೊತ್ತಿಗೆ ಮೈ ಸುಡತೊಡಗಿತು. ಆಸ್ಪತ್ರೆಯವರು ಕೊರೋನಾ ಎಂದರು. ಗಟ್ಟಿ ಜೀವ, ಉಳಿದುಕೊಂಡಳು. ಅವಳು ಒಳಗಿದ್ದಷ್ಟು ದಿನವೂ ಕಿಟಕಿಯಿಂದ ನಮ್ಮ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಳು. ಅವಳಿಂದ ನಮಗ್ಯಾರಿಗೂ ಹರಡಲಿಲ್ಲ.

ಆಮೇಲೆ ಅಕ್ಕಯಮ್ಮನವರನ್ನು ಹಿಡಿಯುವವರಿರಲಿಲ್ಲ. ಹುಳ ಒಯ್ಯಲು ಬಂದ ಸಾದಲಿ ಕಡೆಯ ರೈತರಿಗೂ ಗೇಟಿನಲ್ಲಿ ಒಂದೊಂದು ಸೌಟು ಸಾರು ಕುಡಿಸಿ ಒಳಗೆ ಬಿಡುತ್ತಿದ್ದರು. ಒಬ್ಬ ಮುದುಕಪ್ಪನಿಗೆ ಡಾಕ್ಟರು ಉಪ್ಪು ಬಿಡಿಸಿ ವರ್ಷಗಳಾಗಿದ್ದವಂತೆ, ಅವರು ಉಪ್ಪಿಲ್ಲದ ಸಾರನ್ನು ಕುಡಿದು ಕಣ್ಣಲ್ಲಿ ನೀರು ತಂದುಕೊಂಡು, "ತಾಯಿ, ನಮ್ಮ ಮನೇಲಿ ಒಬ್ರಿಗೂ ಈ ರುಚಿ ಬರಲ್ಲ" ಎಂದರು. ಅವರನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಪಾಪ, ಮಗ ಬಂದು ಹುಳ ಒಯ್ದ.

ಇಷ್ಟೆಲ್ಲ ಬಿಗಿಯಲ್ಲಿ ಒಂದು ತೂತು ಉಳಿದುಹೋಗಿತ್ತು. ನಮಗ್ಯಾರಿಗೂ ಹೊಳೆಯಲಿಲ್ಲ. ಉಪ್ಪು ಹಾಕುವವರನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ.

ಆ ದಿನ ಸಾರು ಸರಿಯಾಗಿರಬೇಕಾದ ದಿನ. ಮರುದಿನ ಬೆಳಿಗ್ಗೆ ರೈತರು ಹುಳಕ್ಕೆ ಬರುವವರಿದ್ದರು. ತಟ್ಟೆಗಳಲ್ಲಿ ಹುಳುಗಳು ಪೊರೆಗೆ ಕೂರುವ ಹೊತ್ತು. ಎಲ್ಲವೂ ಒಟ್ಟಿಗೆ ಕೂತವೇ, ಸೊಪ್ಪು ನಿಲ್ಲಿಸಬೇಕೇ, ಇನ್ನೊಂದು ಮೇವು ಹಾಕಬೇಕೇ ಎಂದು ಹೇಳಬಲ್ಲ ಕಣ್ಣು ಅವರದೊಂದೇ. ಒಂದು ಮೇವು ಹೆಚ್ಚುಕಡಿಮೆಯಾದರೂ ಬೆಳೆ ಹಿಂದುಮುಂದಾಗಿ ರೈತರ ಮನೆಯಲ್ಲಿ ಹಾಳಾಗುತ್ತದೆ. ಹಾಗಾಗಿ ಅಕ್ಕಯಮ್ಮನವರು ಅವಸರದಲ್ಲಿದ್ದರು. ಬಡಿಸಿ, "ಬೇಗ ಹೇಳ್ರಮ್ಮ" ಎಂದರು.

ಬಾಯಿಗಿಟ್ಟವರೆಲ್ಲ ಉಗುಳಿದೆವು. ಅದು ಸಾರಲ್ಲ, ಸಮುದ್ರ. ಆರು ಜನರೂ, "ಉಪ್ಪು, ಬರೀ ಉಪ್ಪು" ಎಂದೆವು.

ಅಕ್ಕಯಮ್ಮನವರು ನಮ್ಮನ್ನು ನೋಡಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. "ಆರು ಜನಕ್ಕೂ ಬಂದ್ಬಿಡ್ತಾ?" ಎಂದರು. "ಉಪ್ಪು ಸರಿಯಾಗೈತೆ. ನಾನೇ ಕೈಮೇಲೆ ಹಾಕ್ಕೊಂಡು ನೋಡಿದ್ದೀನಿ. ಸಪ್ಪೆ ಅನ್ನಿಸ್ತು, ಇನ್ನೊಂದಿಷ್ಟು ಹಾಕ್ದೆ, ಅದೂ ಸಾಲ್ಲಿಲ್ಲ ಅಂತ ಮತ್ತೊಂದು ಹಿಡಿ ಹಾಕಿದ್ದೀನಿ. ಏಳ್ರಿ, ನಡೀರಿ ಎಲ್ರೂ."

ನಾವು ಆರು ಜನ ಸಾಲಾಗಿ, ದೂರ ದೂರ ನಡೆಯುತ್ತಾ, ಹಳೆಯ ಹುಳದ ಮನೆಯ ಕಡೆ ಹೊರಟೆವು. ಅವರ ಮಾತಿಗೆ ಅಷ್ಟು ಒಗ್ಗಿಹೋಗಿದ್ದೆವು. ಬಾಗಿಲ ಹತ್ತಿರ ಹೋದ ಮೇಲೆ ರತ್ನಮ್ಮ ನಿಂತಳು. ಜೀವನದಲ್ಲಿ ಮೊದಲ ಸಲ ತಪ್ಪು ಹುಡುಕಲು ಇಷ್ಟವಿಲ್ಲದವಳಂತೆ ಮೆಲ್ಲಗೆ ಹೇಳಿದಳು. "ದೊಡ್ಡಮ್ಮ, ನಂಗೆ ಹೋದ ತಿಂಗ್ಳು ಬಂದು ಹೋಗೈತಲ್ಲ, ಇಷ್ಟು ಬೇಗ ಮತ್ತೆ ಬರಲ್ಲ. ನಂಗೂ ಉಪ್ಪೇ ಅನ್ನಿಸ್ತೈತೆ."

ಅಕ್ಕಯಮ್ಮನವರು ಸೆರಗಿನಲ್ಲಿದ್ದ ಹಿಪ್ಪುನೇರಳೆ ಎಲೆಯೊಂದನ್ನು ತೆಗೆದು ಹಿಸುಕಿ, ಮಾಸ್ಕು ಸರಿಸಿ ಮೂಸಿದರು. ಆಮೇಲೆ ದಾಪುಗಾಲು ಹಾಕಿ ಔಷಧಿಯ ಕೋಣೆಗೆ ಹೋದರು. ಫಾರ್ಮಲಿನ್ ಕ್ಯಾನಿನ ಮುಚ್ಚಳ ತೆಗೆದು ಮುಖ ತಂದು ಹಿಡಿದರು. ಕಣ್ಣಲ್ಲಿ ದಳದಳ ನೀರು ಇಳಿಯಿತು. ಮೂಗಿಗೆ ಏನೂ ತಿಳಿಯಲಿಲ್ಲ ಎಂಬುದು ಅವರು ಮುಚ್ಚಳ ಹಾಕಿದ ರೀತಿಯಲ್ಲೇ ಗೊತ್ತಾಯಿತು.

"ಎಲ್ರೂ ಈಚೆಗೆ ಬನ್ನಿ, ಬಾಗಿಲು ಬಿಡಿ," ಎಂದರು. ನಾವು ಹಿಂದೆ ಸರಿದೆವು. ನಾನು, "ದೊಡ್ಡಮ್ಮ, ಹುಳ ನೋಡೋರು ಯಾರು? ಇವತ್ತೊಂದು ರಾತ್ರಿ ದೂರ ನಿಂತು ನೋಡಿಬಿಡಿ, ನಾಳೆ ಒಳಗೆ ಹೋಗೋವ್ರಂತೆ" ಎಂದೆ.

"ಹುಳದ ಮನೆಗೆ ಕಿಟಕಿ ತೆಗಿಯಂಗಿಲ್ಲ. ನಾನು ಒಳಗೆ ಬಂದ್ರೆ ನೀವೂ ಅದೇ ಗಾಳಿ ಕುಡೀಬೇಕು. ಹುಳಕ್ಕೋಸ್ಕರ ಇನ್ನೊಬ್ರ ಎದೆ ಹಾಳು ಮಾಡಲ್ಲ ನಾನು," ಎಂದು ಹಳೆಯ ಹುಳದ ಮನೆಯ ಒಳಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು.

ಅಂದು ನಾವು ಪಟ್ಟ ಪಾಡು ಯಾರಿಗೂ ಬೇಡ. ನಾನು ತಟ್ಟೆ ನೋಡಿ ಬಂದು ಕಿಟಕಿಯಿಂದ ದೂರದಲ್ಲಿ ನಿಂತು ಹೇಳಬೇಕು, ಅವರು ಒಳಗಿಂದ ಕೇಳಬೇಕು. "ಮೈ ಮಿಂಚ್ತೈತಾ?" "ಮಿಂಚ್ತೈತೆ ದೊಡ್ಡಮ್ಮ." "ತಲೆ ಹೆಂಗಿಟ್ಕೊಂಡೈತೆ?" "ಎತ್ತಿಟ್ಟುಕೊಂಡಿದೆ." "ಎಲ್ಲಾವೂನಾ?" "ಮುಕ್ಕಾಲು." "ಮುಕ್ಕಾಲು ಅಂದ್ರೆ ಏನು, ನೀನೇನು ಪರೀಕ್ಷೆಗೆ ಮಾರ್ಕ್ಸ್ ಹಾಕ್ತಿದ್ದೀಯಾ? ಮತ್ತೆ ನೋಡ್ಕೊಂಡು ಬಾ." ಸಂಜೆಯವರೆಗೂ ಇದೇ. ಕೊನೆಗೆ, "ಸೊಪ್ಪು ನಿಲ್ಸಿ, ಸುಣ್ಣ ಹೊಡೀರಿ" ಎಂದರು. ಮರುದಿನ ರೈತರು ಹುಳ ಒಯ್ದರು. ಆ ಬೆಳೆ ಎಲ್ಲರ ಮನೆಯಲ್ಲೂ ಚೆನ್ನಾಗಿ ಬಂತೆಂದು ಆಮೇಲೆ ಕೇಳಿದೆವು. ಕೇಳಬೇಕಾದವರು ಇರಲಿಲ್ಲ.

ಮೂರನೆಯ ದಿನ ಅವರಿಗೆ ಉಸಿರು ಎಳೆಯಲು ಶುರುವಾಯಿತು. ಆಂಬುಲೆನ್ಸು ಬಂತು. ಡ್ರೈವರಿನ ಮಾಸ್ಕು ಗಲ್ಲದ ಮೇಲಿತ್ತು. ಹತ್ತುವ ಮುಂಚೆ ಅಕ್ಕಯಮ್ಮನವರು ಬಾಗಿಲು ಹಿಡಿದು ನಿಂತು, ಏದುಸಿರಿನಲ್ಲೇ, "ನಿಮ್ಮ ಮಾಲೀಕ ಯಾರಪ್ಪ? ಅವನಿಗೆ ಫೋನ್ ಹಾಕಿ ಕೊಡು" ಎಂದರು. ಅವನು ಮಾಸ್ಕು ಏರಿಸಿಕೊಳ್ಳುವವರೆಗೂ ಹತ್ತಲಿಲ್ಲ. ಗೇಟಿನ ಹತ್ತಿರ ನಿಂತಿದ್ದ ನಾವೆಲ್ಲ ನಕ್ಕೆವು. ನಗುತ್ತಲೇ ಎಲ್ಲರ ಕಣ್ಣು ತುಂಬಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಿಂದ ಅವರು ವಾಪಸು ಬರಲಿಲ್ಲ. ದೇಹವನ್ನೂ ನೋಡಲು ಬಿಡಲಿಲ್ಲ. ಅವರಿಂದ ನಮ್ಮ ಆರು ಜನರಲ್ಲಿ ಯಾರಿಗೂ ರೋಗ ತಗುಲಲಿಲ್ಲ. ಪುಣ್ಯವೋ, ತೆರೆದ ಚಪ್ಪರವೋ, ಅವರ ಹಟವೋ, ನಾನು ಹೇಳಲಾರೆ. ಈಗ ನಾನು ಮತ್ತೆ ಶಾಲೆಯಲ್ಲಿದ್ದೇನೆ. ಅವರಿಲ್ಲದ್ದು ನನಗೆ ಸ್ವಂತದವರು ಹೋದ ಹಾಗೆಯೇ ನೋಯುತ್ತದೆ.

ಅಕ್ಕಯಮ್ಮನವರು ಆಸ್ಪತ್ರೆಗೆ ಹೋದ ಎರಡು ದಿನಕ್ಕೆ ಒಂದು ಮಧ್ಯಾಹ್ನ ನನ್ನ ಫೋನಿಗೆ ಕರೆ ಬಂದಿತ್ತು. ನರ್ಸಮ್ಮನ ಫೋನು ಕೇಳಿ ಇಸಿದುಕೊಂಡು ಮಾಡಿದ್ದರು. ನಾವು ಚಪ್ಪರದಲ್ಲಿ ಟ್ರೇ ತೊಳೆಯುತ್ತಿದ್ದೆವು. ಸ್ಪೀಕರ್ ಹಾಕು ಎಂದರು. ಹಾಕಿದೆ. "ಒಬ್ಬೊಬ್ರೂ ನಿಮ್ಮ ಹೆಸ್ರು, ಗಂಡನ ಹೆಸ್ರು, ಊರಿನ ಹೆಸ್ರು ಒಂದೇ ಉಸ್ರಿಗೆ ಹೇಳಿ. ಮಧ್ಯ ನಿಲ್ಲಿಸ್ಬಾರ್ದು, ನಿಮ್ಮ ಎದೆ ಹೆಂಗೈತೆ ತಿಳೀಬೇಕು," ಎಂದರು. ಆ ನಾಲ್ಕು ಮಾತಿಗೆ ಅವರು ಎಷ್ಟು ಸಲ ನಿಂತರೆಂದು ನಮಗೆಲ್ಲ ಕೇಳುತ್ತಿತ್ತು. ನಾವು ಒಬ್ಬೊಬ್ಬರಾಗಿ ಹೇಳಿದೆವು. ಗಂಡನ ಹೆಸರು ಬಾಯಿಬಿಟ್ಟು ಹೇಳದವರೂ ಆ ದಿನ ಹೇಳಿದರು. ಪ್ರತಿಯೊಬ್ಬರದ್ದು ಮುಗಿದಾಗಲೂ ಆ ಕಡೆಯಿಂದ "ಹ್ಞೂಂ" ಎಂಬ ಸದ್ದು ಬರುತ್ತಿತ್ತು. ಕೊನೆಯವಳು ರತ್ನಮ್ಮ. ಅವಳು ಹೇಳಿ ಮುಗಿಸಿ, ಫೋನಿನ ಹತ್ತಿರ ಬಗ್ಗಿ, "ನೀವು ಹೆಂಗಿದ್ದೀರಾ ದೊಡ್ಡಮ್ಮ?" ಎಂದು ಕೇಳಿದಳು.

ಆ ಕಡೆಯಿಂದ ನಾಲ್ಕು ಸಲ ಉಸಿರು ಎಳೆದುಕೊಂಡ ಸದ್ದು ಬಂತು.

"ನನ್ನ ಯಾಕೆ ಕೇಳ್ತೀಯೇ," ಎಂದರು ಅಕ್ಕಯಮ್ಮನವರು. "ನಾನೇನು ನಿನ್ನ ಹತ್ರ ಕೂಲಿಗಿದ್ದೀನಾ?"